ಮೊದಲು ಪ್ಲಗ್ ನೋಡಿ, ಆಮೇಲೆ ಪಾನಾ ಹಿಡೀರಿ



ಮೊದಲು ನನ್ನ ಕೈ ನೋಡಿ. ಎರಡು ಸ್ಪಾರ್ಕ್ ಪ್ಲಗ್ ಇವೆ. ಬಲಗೈಲಿರೋದು ಮಾಮೂಲಿ ಪ್ಲಗ್, ನಮ್ಮ ಬೈಕಿಗೆ, ಪೆಟ್ರೋಲ್ ಕಾರಿಗೆ ಹಾಕೋ ಜಾತಿಯದು. ನಡುವೆ ಒಂದು ಕಡ್ಡಿ, ಅದರ ತಲೆ ಮೇಲೆ ಕೊಕ್ಕೆ ಹಾಗೆ ಬಾಗಿದ ಇನ್ನೊಂದು ಕಡ್ಡಿ. ಎಡಗೈಲಿರೋದಕ್ಕೆ ಆ ಕೊಕ್ಕೆ ಇಲ್ಲ. ನಡುವಿನ ಕಡ್ಡಿಯ ಸುತ್ತ ನಾಲ್ಕು ಮೊಂಡು ಕೈಗಳು ಬದಿಯಿಂದ ಬಂದು ನಿಂತಿವೆ. ಯಾವುದೂ ಹೊರಗೆ ಚಾಚಿಕೊಂಡಿಲ್ಲ. ಇದರ ಮೇಲೆ ಕಾಣ್ತಿರೋ ಕೆಂಪು ಪುಡಿ ತುಕ್ಕು. ಹದಿನೈದು ವರ್ಷದಿಂದ ನಾನು ಅದನ್ನ ಒರೆಸಿಲ್ಲ. ಯಾಕೆ ಒರೆಸಿಲ್ಲ ಅನ್ನೋದೇ ಇವತ್ತಿನ ಮಾತು.

ನಮ್ಮಲ್ಲಿ ಬಹಳ ಜನ ಆನ್‌ಸೈಟ್ ಅಂತ ಹೊರಗೆ ಹೋಗಿ ಬಂದವರು. ನಾನೂ ಪುಣೆಯ ಆಫೀಸಿನಿಂದ ಜಪಾನಿನ ನಗೋಯಾಕ್ಕೆ ಹೋಗಿದ್ದೆ. ಅಲ್ಲಿ ಎರಡನೇ ವರ್ಷ ಒಂದು ಹಳೇ ಕಾರು ತಗೊಂಡೆ. 1989ರ ಮಾಜ್ಡಾ ಆರ್‌ಎಕ್ಸ್-7. ನಮ್ಮ ಕಡೆ ಮಾಜ್ಡಾ ಅಂದ್ರೆ ಸ್ವರಾಜ್ ಮಾಜ್ಡಾ ಮಿನಿ ಬಸ್ಸು, ಅಷ್ಟೇ ಗೊತ್ತು. (ನಗು) ಆದ್ರೆ ಅದೇ ಹೆಸರಿನ ಕಂಪನಿ ಹಿರೋಶಿಮಾದಲ್ಲಿ ಕೂತು, ಪಿಸ್ಟನ್ನೇ ಇಲ್ಲದ ಇಂಜಿನ್ ಮಾಡಿ, ಅದನ್ನ ಲಕ್ಷಗಟ್ಟಲೆ ಕಾರಿಗೆ ಹಾಕಿ ಮಾರಿದೆ. ನನ್ನ ಕಾರಲ್ಲಿದ್ದದ್ದು ಅಂಥ ಇಂಜಿನ್. ಅದು ಸೀಜ್ ಆಯ್ತು. ಆದದ್ದು ನನ್ನ ತಪ್ಪಿನಿಂದ. ಬಿಡಿಸಿದ್ದೂ ನಾನೇ. ಆದ್ರೆ ಬಿಡಿಸಿದೆ ಅಂತ ಮೀಸೆ ತಿರುವೋ ಹಾಗೆ ಕಥೆ ಮುಗೀಲಿಲ್ಲ.

ಈ ಇಂಜಿನ್ ಹೇಗೆ ಕೆಲಸ ಮಾಡುತ್ತೆ ಅಂತ ಎರಡು ನಿಮಿಷದಲ್ಲಿ ಹೇಳ್ತೀನಿ. ಇದು ಗೊತ್ತಿಲ್ಲದಿದ್ರೆ ಮುಂದಿನದ್ದು ಅರ್ಥ ಆಗಲ್ಲ.

ಎರಡು ಕಾಳಿರೋ ಕಡಲೆಕಾಯಿ ಸಿಪ್ಪೆಯನ್ನ ನೆನಪಿಸಿಕೊಳ್ಳಿ. ನಡುವೆ ಸ್ವಲ್ಪ ಸೊಂಟ. ಆ ಆಕಾರದ ಒಂದು ಗೂಡು. ಅದರೊಳಗೆ ಉಬ್ಬಿದ ಬದಿಗಳಿರೋ ಒಂದು ತ್ರಿಕೋನ ಸುತ್ತುತ್ತೆ. ಇದೇ ರೋಟರ್. ತ್ರಿಕೋನದ ಮೂರು ಮೂಲೆಗಳೂ ಯಾವಾಗಲೂ ಗೋಡೆ ಸವರಿಕೊಂಡೇ ಹೋಗ್ತವೆ. ಹಾಗಾಗಿ ಗೂಡಿನಲ್ಲಿ ಮೂರು ಕೋಣೆ ಆಗ್ತವೆ. ರೋಟರ್ ಸುತ್ತಿದ ಹಾಗೆ ಒಂದು ಕೋಣೆ ಗಾಳಿ, ಪೆಟ್ರೋಲ್ ಎಳ್ಕೊಳ್ಳುತ್ತೆ, ಇನ್ನೊಂದು ಒತ್ತುತ್ತೆ, ಮತ್ತೊಂದು ಉರಿದು ಹೊಗೆ ಹೊರಗೆ ಹಾಕುತ್ತೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ರೋಟರ್ ಒಂದು ಸುತ್ತು ಬರೋ ಹೊತ್ತಿಗೆ ನಡುವಿನ ಶಾಫ್ಟ್ ಮೂರು ಸುತ್ತು ಬಂದಿರುತ್ತೆ. ನನ್ನ ಕಾರಲ್ಲಿ ಇಂಥ ರೋಟರ್ ಎರಡು. ಒಂದೊಂದು 654 ಸಿಸಿ, ಒಟ್ಟು 1308.

ಪಿಸ್ಟನ್ ಇಂಜಿನ್ನಿನಲ್ಲಿ ರಿಂಗ್ ಮಾಡೋ ಕೆಲಸವನ್ನ ಇಲ್ಲಿ ಮೂಲೆಗಳಲ್ಲಿರೋ ಪಟ್ಟಿಗಳು ಮಾಡ್ತವೆ. ಅಪೆಕ್ಸ್ ಸೀಲ್ ಅಂತಾರೆ. ದಪ್ಪ 2 ಮಿಲಿಮೀಟರ್. ಅಷ್ಟು ತೆಳ್ಳಗಿನ ಪಟ್ಟಿ, ಹಿಂದೆ ಸ್ಪ್ರಿಂಗ್ ಇಟ್ಕೊಂಡು, ನಿಮಿಷಕ್ಕೆ ಸಾವಿರಾರು ಸಲ ಗೋಡೆ ಸವರಬೇಕು. ರೋಟರಿನ ಎರಡು ಪಕ್ಕದಲ್ಲೂ ಇಂಥವೇ ಸೈಡ್ ಸೀಲ್ ಇವೆ. ರೋಟರಿ ಇಂಜಿನ್ನಿನ ಜೀವ ಇರೋದು ಈ ಸೀಲುಗಳಲ್ಲಿ. ಅವು ಒಣಗಬಾರದು ಅಂತ ಒಂದು ಪುಟ್ಟ ಪಂಪು ಇಂಜಿನ್ ಆಯಿಲನ್ನೇ ಹನಿ ಹನಿಯಾಗಿ ಒಳಗೆ ಬಿಡುತ್ತೆ. ಅಂದ್ರೆ ಆಯಿಲ್ ಸುಡೋದು ಇದರ ರೋಗ ಅಲ್ಲ, ಗುಣ. ನಮ್ಮ ಮೈಸೂರಲ್ಲೇ ತಯಾರಾಗ್ತಿದ್ದ ಜಾವಾ, ಯೆಜ್ಡಿ ಓಡಿಸಿದವರಿಗೆ ಇದು ಹೊಸದಲ್ಲ. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಿಕೊಂಡವರು ನಾವು.

ಈ ಸೀಲಿನ ವಿಷಯದಲ್ಲಿ ಮಾಜ್ಡಾ ಪಟ್ಟ ಪಾಡು ದೊಡ್ಡದು. ಈ ಇಂಜಿನ್ನಿನ ಮೂಲ ಕಲ್ಪನೆ ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಅವರದು. 1961ರಲ್ಲಿ ಮಾಜ್ಡಾ, ಎನ್‌ಎಸ್‌ಯು ಅನ್ನೋ ಜರ್ಮನ್ ಕಂಪನಿ ಜತೆ ಒಪ್ಪಂದ ಮಾಡ್ಕೊಂಡು ಇದನ್ನ ತಂತು. ತಂದು ಓಡಿಸಿ ನೋಡಿದ್ರೆ ಗೂಡಿನ ಒಳಗೋಡೆ ಮೇಲೆ ಸಾಲು ಸಾಲು ಗೀರು. ಸೀಲು ಅದುರ್ತಾ ಅದುರ್ತಾ ಗೋಡೆಯನ್ನ ಕೆರೀತಿತ್ತು. ಅಲ್ಲಿನವರು ಅದಕ್ಕೆ ದೆವ್ವದ ಉಗುರಿನ ಗುರುತು ಅಂತಲೇ ಹೆಸರಿಟ್ರು. ಕೆನಿಚಿ ಯಮಮೊಟೊ ಅನ್ನೋ ಇಂಜಿನಿಯರ್ ಮತ್ತು ಅವರ ತಂಡ ವರ್ಷಗಟ್ಟಲೆ ಆ ಗೀರಿನ ಹಿಂದೆ ಬಿದ್ರು. ಕಡೆಗೆ ಕಾರ್ಬನ್ನಿಗೆ ಅಲ್ಯೂಮಿನಿಯಂ ಸೇರಿಸಿದ ಸೀಲ್ ಹಾಕಿ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಅನ್ನೋ ಕಾರು ತಂದ್ರು. 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಲೆ ಮಾನ್ಸ್‌ನ 24 ಗಂಟೆಯ ರೇಸನ್ನೇ ಗೆದ್ದಿತು. ಗೀರು ಅನ್ನೋ ಮಾತನ್ನ ನೆನಪಿಟ್ಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಈಗ ನನ್ನ ತಪ್ಪಿನ ವಿಷಯ.

ಅಮ್ಮನಿಗೆ ಆಪರೇಷನ್ ಅಂತ ಮಾರ್ಚ್ ತಿಂಗಳಲ್ಲಿ ಊರಿಗೆ ಹೊರಟೆ. ಹದಿನೈದು ದಿನದ ರಜೆ. ಹೊರಡೋ ದಿನ ಬೆಳಿಗ್ಗೆ ಒಳ್ಳೇ ಚಳಿ. ಕಾರು ನಿಲ್ಲಿಸಿದ್ದ ಜಾಗದಿಂದ ಮೂಲೆಯ ಜಾಗಕ್ಕೆ ಸರಿಸಿಟ್ಟು ಹೋಗೋಣ ಅಂತ ಸ್ಟಾರ್ಟ್ ಮಾಡಿದೆ. ಇಪ್ಪತ್ತು ಅಡಿ ಓಡಿಸಿದೆ. ಆಫ್ ಮಾಡಿದೆ. ಒಂದು ನಿಮಿಷವೂ ಓಡಿರಲಿಲ್ಲ.

ರೋಟರಿಗೆ ಇದಕ್ಕಿಂತ ಕೆಟ್ಟದ್ದು ಮಾಡೋದು ಕಷ್ಟ. ತಣ್ಣಗಿರೋ ಇಂಜಿನ್ನಿಗೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತೆ. ಬಿಸಿಯಾಗೋಕೆ ಮುಂಚೆ ಆಫ್ ಮಾಡಿದ್ರೆ ಆ ಪೆಟ್ರೋಲ್ ಪೂರ್ತಿ ಉರಿಯದೆ ಗೋಡೆ ಮೇಲಿನ ಆಯಿಲನ್ನ ತೊಳೆದುಬಿಡುತ್ತೆ. ಪಾತ್ರೆಯ ಜಿಡ್ಡನ್ನ ಸೋಪು ತೊಳೆದ ಹಾಗೆ. ಇದನ್ನೇ ಫ್ಲಡ್ ಆಗೋದು ಅಂತಾರೆ. ಮಾರನೇ ದಿನವೇ ಓಡಿಸಿದ್ರೆ ಒದ್ದಾಡಿ ಸ್ಟಾರ್ಟ್ ಆಗ್ತಿತ್ತೇನೋ. ಆದ್ರೆ ಅಮ್ಮನ ಕಾಲು ಬೇಗ ಸರಿಹೋಗಲಿಲ್ಲ. ಹದಿನೈದು ದಿನ ಅಂತ ಬಂದವನು ಏಳು ತಿಂಗಳು ಮೈಸೂರಿನಿಂದಲೇ ಕೆಲಸ ಮಾಡಿದೆ. ಅಷ್ಟರಲ್ಲಿ ಜಪಾನಿನಲ್ಲಿ ಜೂನ್, ಜುಲೈ ಮಳೆಗಾಲ ಬಂದು ಹೋಗಿತ್ತು. ಆಯಿಲ್ ತೊಳೆದುಹೋದ ಕಬ್ಬಿಣ, ಮಳೆಗಾಲದ ತೇವ. ಇನ್ನು ಹೇಳೋದೇನಿದೆ.

ಅಕ್ಟೋಬರಿನಲ್ಲಿ ವಾಪಸ್ ಹೋದೆ. ಬ್ಯಾಟರಿ ಸತ್ತಿತ್ತು. ಪಕ್ಕದ ಮನೆಯವರ ಕಾರಿಗೆ ಕೇಬಲ್ ಹಾಕಿ ಕೀಲಿ ತಿರುಗಿಸಿದೆ. ಟಕ್. ಇನ್ನೊಂದು ಸಲ. ಟಕ್. ಮೂರನೇ ಸಲ ಕೀಲಿಯನ್ನ ಬಿಡದೆ ಹಿಡಿದೆ. ಒಳಗೆ ಏನೋ ಕಿರ್ ಅಂತು, ಕೂದಲೆಳೆಯಷ್ಟು ಅಲುಗಿ ಮತ್ತೆ ನಿಂತಿತು. ನಮ್ಮ ಸರ್ವರ್ ಸ್ಟಕ್ ಆದಾಗ ಮಾಡೋದು ಅದೇ ಅಲ್ವಾ, ಯಾಕೆ ಅಂತ ಲಾಗ್ ನೋಡೋಕೆ ಮುಂಚೆ ಒಂದು ರೀಸ್ಟಾರ್ಟ್. ನಾನೂ ಅದನ್ನೇ ಮಾಡಿದ್ದೆ.

ಮೈಸೂರಲ್ಲಿ ನಮ್ಮ ಸೋದರಮಾವನಿಗೆ ದ್ವಿಚಕ್ರ ವಾಹನದ ಗ್ಯಾರೇಜಿತ್ತು. ರಾತ್ರಿ ಫೋನ್ ಮಾಡಿದೆ.

"ಮಾವ, ಇಂಜಿನ್ ಸೀಜ್ ಆಗಿದೆ. ಉದ್ದದ ಪಾನಾ ಹಾಕಿ ಎಳೆದ್ರೆ ಬಿಟ್ಕೊಳ್ಳುತ್ತಾ?"

"ಪ್ಲಗ್ ಬಿಚ್ಚಿ ನೋಡಿದ್ಯೇನೋ?"

"ಇಲ್ಲ ಮಾವ."

"ಮತ್ತೆ ಯಾಕೆ ಹಿಡ್ಕೊಂಡಿದೆ ಅಂತ ಹೆಂಗೆ ಗೊತ್ತಾಯ್ತು? ಗೊತ್ತಿಲ್ದೇ ಎಳೆಯೋದು ಅಂದ್ರೆ, ಹಲ್ಲು ನೋವು ಅಂದೋನಿಗೆ ಕಣ್ಣು ಮುಚ್ಕೊಂಡು ಇಕ್ಕಳ ಹಾಕಿದಂಗೆ. ಮೊದ್ಲು ಪ್ಲಗ್ ಬಿಚ್ಚು. ಅದನ್ನ ಒರೆಸ್ಬೇಡ. ಹಂಗೇ ನೋಡು."

ಪಿಸ್ಟನ್ ಇಲ್ಲದ ಇಂಜಿನ್ನನ್ನ ಕಣ್ಣಲ್ಲೇ ನೋಡದವರು ಹೇಳಿದ ಮಾತು ಅದು. ಮಾರನೇ ದಿನ ಊರ ಹೊರಗಿನ ಒಂದು ಸಣ್ಣ ಗ್ಯಾರೇಜಿಗೆ ಕಾರನ್ನ ಎಳೆಸಿಕೊಂಡು ಹೋದೆ. ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು, ರೋಟರಿ ಬಲ್ಲವರು. ನನ್ನ ಹರುಕು ಜಪಾನಿ ಕೇಳಿ ನಕ್ಕು, ಕೆಲಸ ನೀವೇ ಮಾಡಿ, ನಾನು ಪಕ್ಕದಲ್ಲಿ ನಿಂತಿರ್ತೀನಿ ಅಂದ್ರು. ಅವರು ಮೊದಲು ಹೇಳಿದ್ದೂ ಅದೇ: ಪ್ಲಗ್ ಬಿಚ್ಚಿ.

ಅದಕ್ಕೆ ಮುಂಚೆ ಎರಡು ಪರೀಕ್ಷೆ ಮಾಡಿಸಿದ್ರು. ಗೇರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿ ಅಂದ್ರು. ಆಮೇಲೆ ಮುಂದಿನ ಬೆಲ್ಟ್ ಬಿಚ್ಚಿಸಿದ್ರು. ಎಷ್ಟೋ ಸಲ ಹಿಡ್ಕೊಂಡಿರೋದು ಆಲ್ಟರ್ನೇಟರ್ ಅಥವಾ ಎಸಿ ಕಂಪ್ರೆಸರ್ ಆಗಿರುತ್ತೆ, ಬೈಗುಳ ಇಂಜಿನ್ನಿಗೆ ಬೀಳುತ್ತೆ. ನನ್ನದು ಇಂಜಿನ್ನೇ.

ರೋಟರಿ ಹಿಡ್ಕೊಳ್ಳೋದಕ್ಕೆ ಮುಖ್ಯವಾಗಿ ನಾಲ್ಕು ಕಾರಣ.

ಒಂದು, ಸುಮ್ಮನೆ ನಿಂತು ಹಿಡಿದಿರೋದು. ತುಕ್ಕು, ಕಾರ್ಬನ್. ಪ್ಲಗ್ ಮೇಲೆ ಒಣ ಮಸಿ ಇಲ್ಲವೇ ಕೆಂಪು ಪುಡಿ ಇರುತ್ತೆ. ಇದೊಂದನ್ನ ಮಾತ್ರ ಬಿಚ್ಚದೆ ಬಿಡಿಸೋ ಪ್ರಯತ್ನ ಮಾಡಬಹುದು.

ಎರಡು, ಕೂಲೆಂಟ್ ಒಳಗೆ ಬಂದಿರೋದು. ಈ ಇಂಜಿನ್ ಒಂದು ಸ್ಯಾಂಡ್‌ವಿಚ್. ಎರಕದ ಕಬ್ಬಿಣದ ತಟ್ಟೆ, ಅಲ್ಯೂಮಿನಿಯಂ ಗೂಡು, ಮತ್ತೆ ಕಬ್ಬಿಣದ ತಟ್ಟೆ ಅಂತ ಪದರ ಪದರವಾಗಿ ಜೋಡಿಸಿ ಉದ್ದದ ಬೋಲ್ಟ್‌ಗಳಿಂದ ಬಿಗಿದಿರ್ತಾರೆ. ಪದರದ ನಡುವೆ ನೀರು ತಡೆಯೋ ರಬ್ಬರ್ ಸೀಲ್ ಹೋದ್ರೆ ಕೂಲೆಂಟ್ ಕೋಣೆಗೆ ಇಳಿಯುತ್ತೆ. ಪ್ಲಗ್ ಒದ್ದೆ, ಸಿಹಿ ವಾಸನೆ, ರೇಡಿಯೇಟರಿನಲ್ಲಿ ಮಟ್ಟ ಕಡಿಮೆ. ಇದನ್ನ ಬಿಡಿಸಿದ್ರೂ ಮತ್ತೆ ಹಿಡ್ಕೊಳ್ಳುತ್ತೆ. ಇಂಜಿನ್ ಬಿಚ್ಚಲೇಬೇಕು.

ಮೂರು, ಓಡ್ತಾ ಇದ್ದಾಗ ಬಿಸಿಯೇರಿ ಹಿಡಿದಿರೋದು. ಕಬ್ಬಿಣ, ಅಲ್ಯೂಮಿನಿಯಂ ಒಂದೇ ಸಮ ಹಿಗ್ಗಲ್ಲ, ಗೂಡು ಸೊಟ್ಟಗಾಗಿರಬಹುದು. ಇದಕ್ಕೂ ಎಣ್ಣೆ ಚಿಕಿತ್ಸೆ ನಡೆಯಲ್ಲ.

ನಾಲ್ಕು, ಸೀಲ್ ಮುರಿದು ಚೂರು ಸಿಕ್ಕಿಕೊಂಡಿರೋದು. ಸ್ವಲ್ಪ ದೂರ ತಿರುಗಿ ಪ್ರತಿ ಸಲ ಒಂದೇ ಜಾಗದಲ್ಲಿ ಟಕ್ ಅಂತ ನಿಂತ್ರೆ ಇದು ಅಂತ ತಿಳೀರಿ. ಬಲ ಹಾಕಿದ್ರೆ ಆ ಚೂರು ಗೂಡನ್ನೇ ಉಳುತ್ತೆ.

ನನ್ನ ನಾಲ್ಕು ಪ್ಲಗ್ಗಳನ್ನ ಬಿಳಿ ಬಟ್ಟೆ ಮೇಲೆ ಸಾಲಾಗಿ ಇಟ್ಟೆವು. ಯಾವ ತೂತಿನದು ಅಂತ ಬರೆದಿಟ್ಟೆವು. ಮುಂದಿನ ರೋಟರಿನ ಎರಡೂ ಒಣ ಮಸಿ. ಹಿಂದಿನ ರೋಟರಿನ ಮೇಲಿನದೂ ಮಸಿ. ಕೆಳಗಿನದು ಮಾತ್ರ ಇದು, ನನ್ನ ಎಡಗೈಲಿರೋದು. ಕೆಂಪು. ರೇಡಿಯೇಟರ್ ತುಂಬಿತ್ತು, ಸಿಹಿ ವಾಸನೆ ಇರಲಿಲ್ಲ, ಬಿಸಿಯೇರಿದ ಚರಿತ್ರೆ ಇರಲಿಲ್ಲ. ಕಾರಣ ಒಂದನೆಯದು. ಎಣ್ಣೆ ಹಾಕಿ ಕಾಯಬಹುದು ಅಂದ್ರು.

ಹಾಕಿದ್ದು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಎಟಿಎಫ್. ತೆಳುವಾಗಿರೋದ್ರಿಂದ ಸಂದಿಗೊಂದಿಗೆ ಇಳಿಯುತ್ತೆ, ಜಿಡ್ಡು, ಮಸಿ ಮೆತ್ತಗೆ ಮಾಡುತ್ತೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಮೇಲಿನ ಪ್ಲಗ್ ತೂತಿನಿಂದ ಎರಡೂ ರೋಟರಿಗೆ ಎರಡೆರಡು ಚಮಚ. ಇನ್‌ಟೇಕಿನ ವ್ಯಾಕ್ಯೂಮ್ ಪೈಪಿನಿಂದಲೂ ಸ್ವಲ್ಪ, ಯಾಕಂದ್ರೆ ಪ್ಲಗ್ ತೂತು ತೆರೆಯೋದು ಮೂರರಲ್ಲಿ ಒಂದು ಕೋಣೆಗೆ ಮಾತ್ರ. ತೂತು ಮುಚ್ಚಿ ಮನೆಗೆ ಹೋಗಿ ಅಂದ್ರು.

ಮಾರನೇ ದಿನ ಸಂಜೆ ಹೋದೆ. ಮುಂದಿನ ಪುಲ್ಲಿಯ ನಡುವಿನ ಬೋಲ್ಟಿಗೆ 19ರ ಸಾಕೆಟ್ ಹಾಕಿ ಒತ್ತಿದೆ. ಕದಲಲಿಲ್ಲ. ಪಾನಾಕ್ಕೆ ಪೈಪ್ ಸಿಕ್ಕಿಸೋಕೆ ಹೋದೆ. ಯಜಮಾನರು ಪೈಪನ್ನ ಕೈಯಿಂದ ತಗೊಂಡು ಗೋಡೆಗೆ ಒರಗಿಸಿ ಇಟ್ರು. ಎರಡು ಮಾತು ಹೇಳಿದ್ರು. ಮೊದಲನೆಯದು, ಈ ಬೋಲ್ಟನ್ನ ಮುಂದಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಮಾತ್ರ ತಿರುಗಿಸಬೇಕು. ಇಂಜಿನ್ ಓಡೋದೂ ಅದೇ ದಿಕ್ಕಿಗೆ. ಉಲ್ಟಾ ತಿರುಗಿಸಿದ್ರೆ ಇಂಜಿನ್ ತಿರುಗಲ್ಲ, ಬೋಲ್ಟ್ ಸಡಿಲ ಆಗುತ್ತೆ. ಅದರ ಹಿಂದೆ ಇರೋ ಬೇರಿಂಗ್ ಜಾಗ ಬಿಟ್ಟು ಜಾರಿದ್ರೆ, ಮತ್ತೆ ಬಿಗಿಯೋವಾಗ ಪುಡಿಯಾಗುತ್ತೆ. ಎರಡನೆಯದು, ಎಣ್ಣೆ ಮಾಡಬೇಕಾದ ಕೆಲಸವನ್ನ ನಿಮ್ಮ ತೋಳು ಮಾಡೋಕೆ ಹೋಗಬಾರದು.

ಎರಡನೇ ದಿನ, ಮೂರನೇ ದಿನ, ಅದೇ ಕಥೆ. ಆಫೀಸ್ ಮುಗಿಸಿ ರೈಲು ಹಿಡಿದು ಹೋಗೋದು, ಇನ್ನೆರಡು ಚಮಚ ಎಣ್ಣೆ, ಸ್ವಲ್ಪ ಒತ್ತಿ ನೋಡೋದು, ಬರೋದು. ನಾಲ್ಕನೇ ದಿನ ಕಾರನ್ನ ಐದನೇ ಗೇರಿಗೆ ಹಾಕಿ, ಇಬ್ಬರೂ ಹಿಂದೆ ಮುಂದೆ ಮೆಲ್ಲಗೆ ತೂಗಿದೆವು, ತೊಟ್ಟಿಲು ತೂಗಿದ ಹಾಗೆ. ದೊಡ್ಡ ಗೇರಿನಲ್ಲಿ ಚಕ್ರ ಸ್ವಲ್ಪ ಅಲ್ಲಾಡಿದ್ರೆ ಇಂಜಿನ್ ಮೇಲೆ ಬೀಳೋ ಬಲ ಹದವಾಗಿರುತ್ತೆ. ಐದು ನಿಮಿಷಕ್ಕೆ ಟಿಕ್ ಅಂತ ಒಂದು ಸದ್ದು. ಅಲುಗಾಟ ಒಂದು ಬೆರಳಷ್ಟು ಹೆಚ್ಚಾಯ್ತು. ನಾನು ಕುಣಿಯೋಕೆ ಹೋದೆ. ಅವರು ಮತ್ತೆ ಎಣ್ಣೆ ಹಾಕಿ, ಇವತ್ತಿಗೆ ಸಾಕು ಅಂದ್ರು.

ಐದನೇ ದಿನ ಪಾನಾದಲ್ಲಿ ಪೂರ್ತಿ ಒಂದು ಸುತ್ತು ಬಂತು. ಆಗ ಪ್ಲಗ್ ತೂತಿನ ಮುಂದೆ ಹೊಸ ಕೋಣೆ ಬಂದಿರುತ್ತೆ, ಅದಕ್ಕೂ ಎಣ್ಣೆ ಹಾಕಬೇಕು. ಇನ್ನೊಂದು ಸುತ್ತು, ಮೂರನೇ ಕೋಣೆ. ಶಾಫ್ಟ್ ಮೂರು ಸುತ್ತು ಬಂದಾಗ ರೋಟರಿನ ಮೂರೂ ಮುಖಕ್ಕೆ ಎಣ್ಣೆ ಸಿಕ್ಕಿರುತ್ತೆ. ತಿರುಗಿಸ್ತಾ ತೂತಿಗೆ ಕಿವಿ ಕೊಡಿ ಅಂದ್ರು. ಮುಂದಿನ ರೋಟರಿನಿಂದ ಫುಸ್, ಫುಸ್, ಫುಸ್, ಮೂರೂ ಒಂದೇ ಸಮ. ಹಿಂದಿನದರಿಂದ ಫುಸ್, ಫುಸ್, ಆಮೇಲೆ ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದು. ಅವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳೋಕೆ ಮನಸ್ಸಿರಲಿಲ್ಲ.

ಇನ್ನು ಹೊಸ ಪ್ಲಗ್. ಇಲ್ಲಿ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಯಾವ ಗಾಡಿ ಇಟ್ಕೊಂಡಿದ್ರೂ ಇದು ಬೇಕು.

ಪ್ಲಗ್ ಕೊಳ್ಳೋವಾಗ ಥ್ರೆಡ್ ಕೂತ್ರೆ ಆಯ್ತು ಅಂದುಕೊಳ್ಳಬೇಡಿ. ಹೀಟ್ ರೇಂಜ್ ಅಂತ ಒಂದಿದೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ಬಿಸಿ ಇದ್ರೆ ತನ್ನ ಮೇಲಿನ ಮಸಿಯನ್ನ ತಾನೇ ಸುಟ್ಕೊಳ್ಳುತ್ತೆ. 850 ಡಿಗ್ರಿ ದಾಟಿದ್ರೆ ಕಿಡಿ ಬರೋಕೆ ಮುಂಚೆಯೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತೆ. ಈ ಎರಡರ ನಡುವೆ ತುದಿ ಇರಬೇಕು. ಶಾಖವನ್ನ ಬೇಗ ಬಿಟ್ಟುಕೊಡೋದು ಕೋಲ್ಡ್ ಪ್ಲಗ್, ಹಿಡಿದಿಟ್ಟುಕೊಳ್ಳೋದು ಹಾಟ್ ಪ್ಲಗ್. ಪಿಂಗಾಣಿ ಮೂಗು ಗಿಡ್ಡ ಇದ್ರೆ ಕೋಲ್ಡ್, ಉದ್ದ ಇದ್ರೆ ಹಾಟ್.

ಅದನ್ನ ತಿಳಿಸೋದು ಪ್ಲಗ್ ಮೇಲಿನ ಸಂಖ್ಯೆ. ಮೋಸ ಆಗೋದೂ ಅಲ್ಲೇ. ಎನ್‌ಜಿಕೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಕೋಲ್ಡ್. ಈಗಿನ ಬಾಷ್‌ನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಹಾಟ್. ನಮ್ಮ ಬೆಂಗಳೂರಿನ ಹಳೇ ಮೈಕೊ ಪ್ಲಗ್ ಮೇಲೆ 175, 225 ಅಂತ ಇರ್ತಿತ್ತಲ್ಲ, ಆ ಹಳೇ ಪದ್ಧತಿಯಲ್ಲಿ ದೊಡ್ಡ ಸಂಖ್ಯೆ ಅಂದ್ರೆ ಮತ್ತೆ ಕೋಲ್ಡ್. ಒಂದು ಕಂಪನಿಯ ಸಂಖ್ಯೆ ನೋಡಿ ಇನ್ನೊಂದು ಕಂಪನಿಯ ಪ್ಲಗ್ ಕೊಳ್ಳಬೇಡಿ. ಕಂಪನಿಗಳೇ ಹೋಲಿಕೆ ಪಟ್ಟಿ ಕೊಡ್ತವೆ, ಅದನ್ನ ನೋಡಿ.

ರೋಟರಿಗೆ ಕೋಲ್ಡ್ ಪ್ಲಗ್ಗೇ ಬೇಕು. ಪಿಸ್ಟನ್ ಇಂಜಿನ್ನಿನಲ್ಲಿ ಬೆಂಕಿ ಉರಿದ ಕೋಣೆಗೇ ಆಮೇಲೆ ತಣ್ಣನೆ ಗಾಳಿ ಬರುತ್ತೆ, ಪ್ಲಗ್ ಸ್ವಲ್ಪ ಉಸಿರಾಡುತ್ತೆ. ರೋಟರಿಯಲ್ಲಿ ಗಾಳಿ ಬರೋ ಜಾಗ ಬೇರೆ, ಉರಿಯೋ ಜಾಗ ಬೇರೆ. ಪ್ಲಗ್ ಇರೋದು ಒಲೆಯ ಬಾಯಲ್ಲೇ, ಅದಕ್ಕೆ ಬಿಡುವಿಲ್ಲ. ಇನ್ನು ಕೊಕ್ಕೆ ಯಾಕಿಲ್ಲ ಅಂದ್ರೆ, ಪ್ಲಗ್ ತೂತಿನ ಮೇಲೇ ಅಪೆಕ್ಸ್ ಸೀಲ್ ಹಾದುಹೋಗುತ್ತೆ. ಚಾಚಿಕೊಂಡಿರೋ ಪ್ಲಗ್ ಹಾಕಿದ್ರೆ ಮೊದಲ ಸುತ್ತಿನಲ್ಲೇ ಎರಡರಲ್ಲಿ ಒಂದು ಹೋಗುತ್ತೆ.

ಒಂದು ರೋಟರಿಗೆ ಎರಡು ಪ್ಲಗ್. ಉರಿಯೋ ಕೋಣೆ ಉದ್ದ, ತೆಳ್ಳಗೆ, ಅದೂ ಓಡ್ತಾ ಇರೋದು. ಒಂದೇ ಕಿಡಿಯಿಂದ ಪೂರ್ತಿ ಹತ್ತಲ್ಲ. ಕೆಳಗಿನದು ಲೀಡಿಂಗ್, ಮುಖ್ಯ ಕೆಲಸ ಅದರದ್ದು. ಮೇಲಿನದು ಟ್ರೇಲಿಂಗ್, ಚೂರು ತಡವಾಗಿ ಕಿಡಿ ಕೊಡುತ್ತೆ. ನನ್ನ ಕಾರಿಗೆ ಲೀಡಿಂಗ್ ಎನ್‌ಜಿಕೆ ಬಿಯುಆರ್7ಇಕ್ಯೂ, ಟ್ರೇಲಿಂಗ್ ಬಿಯುಆರ್9ಇಕ್ಯೂ. ನೋಡೋಕೆ ಅವಳಿ ಮಕ್ಕಳು. ವ್ಯತ್ಯಾಸ 7 ಮತ್ತು 9 ಮಾತ್ರ. ಅದಲುಬದಲು ಮಾಡಿದ್ರೂ ಆರಾಮಾಗಿ ಕೂತುಬಿಡ್ತವೆ, ಅದೇ ಅಪಾಯ.

ನನ್ನ ಸಹೋದ್ಯೋಗಿ ಒಬ್ಬ, ನಾಲ್ಕೂ ಕಡೆ 9 ಹಾಕು, ರೇಸಿನವರು ಹಾಗೇ ಮಾಡ್ತಾರೆ ಅಂದ. ನನಗೂ ಆಸೆ ಆಯ್ತು. ಯಜಮಾನರನ್ನ ಕೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದ್ರು, "ನಿಮ್ಮ ಆಫೀಸು ಎಷ್ಟು ದೂರ?"

"ಏಳು ಕಿಲೋಮೀಟರ್."

"ಹಾಗಾದ್ರೆ ಲೀಡಿಂಗ್‌ಗೆ 7 ಹಾಕಿ."

ರೇಸಿನಲ್ಲಿ ಗಂಟೆಗಟ್ಟಲೆ ಕಾಯೋ ಇಂಜಿನ್ನಿಗೆ 9 ಸರಿ. ಏಳು ಕಿಲೋಮೀಟರ್ ಓಡಿ ಆಫ್ ಆಗೋ ಗಾಡಿಯಲ್ಲಿ 9 ಹಾಕಿದ್ರೆ ತುದಿ ಬಿಸಿಯೇ ಆಗಲ್ಲ, ಮಸಿ ಕಟ್ಟುತ್ತೆ, ಮತ್ತೆ ಫ್ಲಡ್. ಪ್ಲಗ್ ಆರಿಸಬೇಕಾದದ್ದು ಕಾರಿನ ಹೆಸರು ನೋಡಿ ಮಾತ್ರ ಅಲ್ಲ, ಓಡಿಸೋ ದಾರಿ ನೋಡಿ. ಸಂದೇಹ ಇದ್ರೆ ಕೈಪಿಡಿಯ ಸಂಖ್ಯೆಯನ್ನ ಬಿಟ್ಟು ಹೋಗಬೇಡಿ.

ಸ್ಟಾರ್ಟ್ ಮಾಡೋಕೆ ಮುಂಚೆ ಪ್ಲಗ್ ಇಲ್ಲದೆ, ಪೆಟ್ರೋಲ್ ಪಂಪಿನ ಮತ್ತು ಕಾಯಿಲಿನ ಕನೆಕ್ಟರ್ ಕಿತ್ತು, ತೂತಿನ ಮುಂದೆ ಬಟ್ಟೆ ಹಿಡಿದು, ಸ್ಟಾರ್ಟರಿನಲ್ಲಿ ಸ್ವಲ್ಪ ಹೊತ್ತು ತಿರುಗಿಸಿದೆವು. ಒಳಗಿದ್ದ ಎಟಿಎಫ್ ಕೆಂಪಗೆ ಚಿಮ್ಮಿತು. ಆಮೇಲೆ ಪ್ಲಗ್ ಹಾಕಿ, ಕನೆಕ್ಟರ್ ಕೂಡಿಸಿ, ಕೀಲಿ ತಿರುಗಿಸಿದೆ. ಮೂರನೇ ಪ್ರಯತ್ನಕ್ಕೆ ಹತ್ತಿಕೊಂಡಿತು. ಹೊಗೆ ಅಂದ್ರೆ ಹೊಗೆ. ಗ್ಯಾರೇಜೇ ಕಾಣದಷ್ಟು ಬಿಳಿ ಹೊಗೆ. ಇದನ್ನ ಮನೆ ಪಾರ್ಕಿಂಗಿನಲ್ಲಿ, ಬೇಸ್‌ಮೆಂಟಿನಲ್ಲಿ ಮಾಡಬೇಡಿ. ಉಸಿರು ಕಟ್ಟುತ್ತೆ. ಉರಿಯದ ಎಣ್ಣೆ ಸೈಲೆನ್ಸರಿನ ಕ್ಯಾಟಲಿಸ್ಟನ್ನೂ ಕೆಡಿಸಬಹುದು. ಹದಿನೈದು ನಿಮಿಷಕ್ಕೆ ಹೊಗೆ ತಿಳಿಯಾಗಿ ಇಂಜಿನ್ ಗುನುಗೋಕೆ ಶುರುವಾಯ್ತು. ಅಲ್ಲೇ ನಿಂತು ಮಾವನಿಗೆ ಫೋನ್ ಮಾಡಿ ಸದ್ದು ಕೇಳಿಸಿದೆ.

"ಶಹಬ್ಬಾಸ್. ಕಂಪ್ರೆಷನ್ ನೋಡಿದ್ಯಾ?" ಅಂದ್ರು.

ಯಜಮಾನರೂ ಅಷ್ಟರಲ್ಲಿ ಮೀಟರ್ ತಂದಿಟ್ಟಿದ್ರು. ಮಾಮೂಲಿ ಕಂಪ್ರೆಷನ್ ಗೇಜ್ ಇದಕ್ಕೆ ಸಾಲದು, ಅದು ಮೂರು ಮುಖಗಳಲ್ಲಿ ದೊಡ್ಡದನ್ನ ಮಾತ್ರ ತೋರಿಸುತ್ತೆ. ರೋಟರಿಯ ಮೀಟರ್ ಮೂರನ್ನೂ ಬೇರೆ ಬೇರೆ ಬರೀತದೆ. ಮುಂದಿನ ರೋಟರ್ 7.2, 7.0, 7.1. ಹಿಂದಿನದು 6.4, 4.9, 6.2. ಆ 4.9, ಕೈಪಿಡಿ ಹೇಳೋ ಕನಿಷ್ಠಕ್ಕಿಂತ ಕೆಳಗೆ. ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗಿದ್ದ ನಿಟ್ಟುಸಿರು ಅದೇ.

ಅವರು ಹೇಳಿದ್ದು ಇಷ್ಟೇ: "ತಿರುಗ್ತಾ ಇದೆ. ಗುಣ ಆಗಿಲ್ಲ."

ನನ್ನ ಮುಂದೆ ಎರಡು ದಾರಿ ಇತ್ತು. ಇಂಜಿನ್ ಬಿಚ್ಚಿಸೋದು, ಅದಕ್ಕೆ ಕಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಖರ್ಚು. ಇಲ್ಲ ಮಾರೋದು. ಜನವರಿಗೆ ನನ್ನ ಆನ್‌ಸೈಟ್ ಮುಗೀತಿತ್ತು. ನಿಜ ಹೇಳ್ತೀನಿ, ಒಂದು ರಾತ್ರಿ ಮೂರನೇ ದಾರಿಯೂ ತಲೆಗೆ ಬಂತು. ಸ್ಟಾರ್ಟ್ ಆಗುತ್ತೆ, ಗುನುಗುತ್ತೆ, ಹೊಗೆ ಇಲ್ಲ. ಕಂಪ್ರೆಷನ್ ಚೀಟಿ ತೋರಿಸದೆ ಮಾರಿದ್ರೆ ಒಳ್ಳೇ ಬೆಲೆ ಬರುತ್ತೆ. ಯಾರಿಗೆ ಗೊತ್ತಾಗುತ್ತೆ? ಆದ್ರೆ ಐದು ದಿನ ಪಕ್ಕದಲ್ಲಿ ನಿಂತ ಯಜಮಾನರು ಅದೇ ಊರಲ್ಲಿ ಇರ್ತಾರೆ. ಅವರಿಗೆ ಗೊತ್ತಾಗುತ್ತೆ. ನನಗೂ ಗೊತ್ತಿರುತ್ತೆ.

ಚೀಟಿಯನ್ನ ಕಾರಿನ ಕಾಗದಗಳ ಜತೆ ಪಿನ್ ಮಾಡಿ, ಅರ್ಧ ಬೆಲೆಗೆ, ರೋಟರಿ ಹುಚ್ಚಿರೋ ಒಬ್ಬ ಹುಡುಗನಿಗೆ ಕೊಟ್ಟೆ. ಅವನು ಅದೇ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿದ. ಬಿಚ್ಚೋ ದಿನ ನನ್ನನ್ನೂ ಕರೆದ. ಹಿಂದಿನ ರೋಟರಿನ ಒಂದು ಸೈಡ್ ಸೀಲ್ ತುಕ್ಕು ಹಿಡಿದು ತನ್ನ ಕಾಲುವೆಯಲ್ಲೇ ಅಂಟಿಕೊಂಡಿತ್ತು. ಅದು ನನ್ನ ಮಾರ್ಚ್ ತಿಂಗಳ ಇಪ್ಪತ್ತು ಅಡಿಯ ಫಲ. ಇನ್ನೊಂದೂ ಇತ್ತು. ಗೂಡಿನ ಒಳಗೋಡೆಯ ಕ್ರೋಮ್ ಮೇಲೆ, ಸೀಲ್ ಏಳು ತಿಂಗಳು ಕೂತಿದ್ದ ಜಾಗದಿಂದ ಶುರುವಾಗಿ, ಕಿರುಬೆರಳ ಉಗುರಿನಷ್ಟು ಉದ್ದದ ಗೀರು. ಅಲ್ಲಿಗೆ ನಿಂತುಹೋಗಿತ್ತು. ಯಜಮಾನರು ಅದರ ಮೇಲೆ ಬೆರಳು ಇಟ್ಟು ನನ್ನ ಮುಖ ನೋಡಿ, "ಎಣ್ಣೆ ಹಾಕೋ ಮುಂಚೆ ಸ್ಟಾರ್ಟರ್ ತಿರುಗಿಸಿದ್ರಾ?" ಅಂದ್ರು.

ಮೂರನೇ ಸಲ ಕೀಲಿ ಬಿಡದೆ ಹಿಡಿದಿದ್ದೆನಲ್ಲ, ಆ ಕಿರ್ ಸದ್ದು. ಹಿರೋಶಿಮಾದಲ್ಲಿ ದೆವ್ವದ ಉಗುರು ಅಂದ್ರು. ಇದು ದೆವ್ವದ್ದಲ್ಲ, ನನ್ನದು.

ಪುಣೆಯಲ್ಲಿ, ಚೆನ್ನೈಯಲ್ಲಿ ಯಾರ ಹತ್ತಿರ ರೋಟರಿ ಇದೆ, ನಮಗೆ ಯಾಕೆ ಇದು ಅಂತ ಕೇಳಬಹುದು. ನಿಮ್ಮಲ್ಲಿ ಎಷ್ಟೋ ಜನ ಊರಲ್ಲಿ ಮನೆ ಮುಂದೆ ಕಾರು ನಿಲ್ಲಿಸಿ ಬಂದಿದ್ದೀರಿ. ಅಪ್ಪ ಪಾಪ, ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ, ಎರಡು ನಿಮಿಷ ಬಿಟ್ಟು ಆಫ್ ಮಾಡ್ತಾರೆ. ಮಗನ ಕಾರು ಕೆಡಬಾರದು ಅಂತ. ಪಿಸ್ಟನ್ ಇಂಜಿನ್ ರೋಟರಿಯಷ್ಟು ನಾಜೂಕಲ್ಲ, ತಕ್ಷಣ ಸೀಜ್ ಆಗಲ್ಲ. ಆದ್ರೆ ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತೆ. ಇಂಜಿನ್ ಬಿಸಿಯಾಗದಿದ್ರೆ ಆ ನೀರು ಒಳಗೇ ಉಳಿಯುತ್ತೆ, ಬ್ಯಾಟರಿಯೂ ಸ್ಟಾರ್ಟಿಗೆ ಕೊಟ್ಟಷ್ಟನ್ನ ವಾಪಸ್ ತುಂಬಿಕೊಳ್ಳಲ್ಲ. ಅಪ್ಪನಿಗೆ ಹೇಳಿ, ಇಪ್ಪತ್ತು ಮೂವತ್ತು ನಿಮಿಷ ಓಡಿಸಿಕೊಂಡು ಬರೋದಾದ್ರೆ ಸ್ಟಾರ್ಟ್ ಮಾಡಿ, ದೇವಸ್ಥಾನಕ್ಕೋ ತೋಟಕ್ಕೋ ಹೋಗಿ ಬನ್ನಿ ಅಂತ. ಆಗದಿದ್ರೆ ಬ್ಯಾಟರಿ ತಂತಿ ಬಿಚ್ಚಿ ಸುಮ್ಮನೆ ಬಿಡೋದೇ ಮೇಲು. ವರ್ಷಗಟ್ಟಲೆ ನಿಂತ ಗಾಡಿ ಆದ್ರೆ ಮೊದಲ ದಿನ ಕೀಲಿಗೆ ಕೈ ಹಾಕಬೇಡಿ. ಪ್ಲಗ್ ಬಿಚ್ಚಿ. ಬಣ್ಣ ನೋಡಿ, ವಾಸನೆ ನೋಡಿ. ಸ್ವಲ್ಪ ಎಣ್ಣೆ ಬಿಟ್ಟು, ಕೈಯಲ್ಲಿ ತಿರುಗುತ್ತಾ ನೋಡಿ. ಆಮೇಲೆ ಕೀಲಿ.

ಹೊಸ ಪ್ಲಗ್ ಕಾರಿನ ಜತೆ ಆ ಹುಡುಗನಿಗೆ ಹೋಯ್ತು. ಹಳೇದರಲ್ಲಿ ಇದೊಂದನ್ನ ನಾನು ಇಟ್ಕೊಂಡೆ. ಈಗ ನನ್ನ ಆಫೀಸ್ ಮೇಜಿನ ಮೇಲಿರುತ್ತೆ. ರಾತ್ರಿ ಪ್ರೊಡಕ್ಷನ್ ನಿಂತುಹೋಗಿ ಎಲ್ಲರೂ ರೀಸ್ಟಾರ್ಟ್ ಮಾಡೋಣ ಅಂತ ಕೂಗೋವಾಗ ಒಂದು ಸಲ ಇದನ್ನ ನೋಡ್ತೀನಿ. ಮಾವ ಈಗಿಲ್ಲ. ಒರೆಸಬೇಡ, ಹಾಗೇ ನೋಡು ಅಂದಿದ್ರಲ್ಲ, ಅದಕ್ಕೇ ಒರೆಸಿಲ್ಲ.